ಕಾರವಾರ, ಕಾರ್ವಾರ್, ಕಡವಾಡ: ಊರ ಹೆಸರಿನ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಊರ ಹೆಸರಿನ ವಿಷಯ ಬಂದ್ರೆ ನಮ್ಮ ಕಡೆ ಒಬ್ಬೊಬ್ಬರದ್ದು ಒಂದೊಂದು ಕಥೆ. ಕನ್ನಡದವರು ಕನ್ನಡ ಅಂತಾರೆ, ಕೊಂಕಣಿಯವರು ಕೊಂಕಣಿ ಅಂತಾರೆ, ಮಧ್ಯೆ ಯಾರೋ ಒಬ್ರು ಅರಬ್ಬಿ ಅಂತ ಹೇಳಿ ಚರ್ಚೆ ಮುಗ್ಸೋಕೆ ನೋಡ್ತಾರೆ. ಜನ ಹೆಚ್ಚು ಕೇಳೋ ಪ್ರಶ್ನೆ ಎಲ್ಲಾ ಒಟ್ಟು ಮಾಡಿ ಬರ್ದಿದೀನಿ. ಕಾರವಾರದಿಂದ ಶುರು ಮಾಡಿ ಭಟ್ಕಳ, ಶಿರಸಿ ತನಕ ಹೋಗುತ್ತೆ, ಯಾಕಂದ್ರೆ ಒಂದೇ ಊರಿನ ಹೆಸರು ಹಿಡ್ಕೊಂಡು ಕೂತ್ರೆ ಏನೂ ಗೊತ್ತಾಗಲ್ಲ, ಅಕ್ಕಪಕ್ಕದ ಹೆಸರುಗಳ ಜೊತೆ ಇಟ್ಟು ನೋಡ್ಬೇಕು.

ಪ್ರಶ್ನೆ: ಕಾರವಾರ ಅಂದ್ರೆ ಏನರ್ಥ?

ಈಗಿನ ಕನ್ನಡದಲ್ಲಾಗ್ಲಿ ಕೊಂಕಣಿಯಲ್ಲಾಗ್ಲಿ ನೇರವಾಗಿ ಏನೂ ಅರ್ಥ ಇಲ್ಲ. ಕಾರು ಮತ್ತು ವಾರ ಅಂತ ಸ್ಕೂಲ್ ಮಕ್ಕಳು ಜೋಕ್ ಮಾಡ್ತಾರೆ, ಅದು ಬಿಡಿ. ಹೆಚ್ಚಿನವರು ಒಪ್ಪೋ ವಿವರಣೆ ಅಂದ್ರೆ ಈ ಹೆಸರು ಕಡವಾಡದಿಂದ ಬಂತು ಅನ್ನೋದು. ಕಡವಾಡ ಈಗ್ಲೂ ಇರೋ ಹಳ್ಳಿ, ಪೇಟೆಯಿಂದ ಸುಂಕೇರಿ ದಾಟಿ ಕಾಳಿ ನದಿ ದಂಡೆ ಕಡೆ ಹೋದ್ರೆ ಸಿಗುತ್ತೆ. ಕಡೆ ಅಂದ್ರೆ ಕೊನೆ, ವಾಡ ಅಂದ್ರೆ ವಠಾರ, ಕೇರಿ, ಊರು. ಒಟ್ಟಿಗೆ ಕೊನೇ ಊರು ಅಂತ. ಒಂದು ಕಾಲದಲ್ಲಿ ಕಾರವಾರ ಅಂತಿದ್ದದ್ದು ನದಿ ದಂಡೆಯ ಆ ಕಡೆಯನ್ನೇ, ಈಗಿನ ಬೀಚ್, ಡಿಸಿ ಆಫೀಸು, ಕೋರ್ಟು ಇರೋ ಜಾಗವನ್ನಲ್ಲ. ಈಗಿನ ಪಟ್ಟಣ ಬೆಳೆದಿದ್ದು 1862ರಲ್ಲಿ ಜಿಲ್ಲೆ ಬಾಂಬೆ ಪ್ರಾಂತ್ಯಕ್ಕೆ ಸೇರಿ ಇಲ್ಲಿ ಜಿಲ್ಲಾ ಕೇಂದ್ರ ಆದ ಮೇಲೆ.

ಪ್ರಶ್ನೆ: ಕಡವಾಡ ಎಲ್ಲಿ, ಕಾರವಾರ ಎಲ್ಲಿ? ಡ ಹೋಗಿ ರ ಆಗಿದ್ದು ಹೇಗೆ?

ಇದೇ ಈ ಹೆಸರಿನ ಅಸಲಿ ಮಜಾ. ಕಡವಾಡ ಅಂತ ಬೇಗ ಬೇಗ ಹೇಳಿ ನೋಡಿ, ಸ್ವರಗಳ ಮಧ್ಯೆ ಬರೋ ಡ ಹೇಳುವಾಗ ನಾಲಿಗೆ ಮೇಲಕ್ಕೆ ಮಡಚಿ ಒಂದ್ಸಲ ಫಟ್ ಅಂತ ತಟ್ಟಿ ಬಿಡುತ್ತೆ. ನಮ್ಮ ಕಿವಿಗೆ ಅದು ಡ, ಆದ್ರೆ ಇಂಗ್ಲೆಂಡಿನಿಂದಲೋ ಪೋರ್ತುಗಲ್‌ನಿಂದಲೋ ಬಂದವನ ಕಿವಿಗೆ ಅದು ರ, ಯಾಕಂದ್ರೆ ಅವನ ಭಾಷೆಯಲ್ಲಿ ಆ ಸದ್ದೇ ಇಲ್ಲ, ಹತ್ತಿರದ್ದು ಯಾವುದೋ ಅದನ್ನ ಬರ್ಕೊಂಡ. ಇದು ಕಾರವಾರ ಒಂದಕ್ಕೇ ಆಗಿದ್ದಲ್ಲ. ಬ್ರಿಟಿಷ್ ಕಾಲದ ಹಳೇ ಮ್ಯಾಪ್ ತೆಗೆದು ನೋಡಿ, ಧಾರವಾಡ ಅನ್ನೋದನ್ನ ಧಾರ್ವಾರ್ ಅಂತಾನೇ ಬರ್ದಿದಾರೆ. ಗುಜರಾತಿನ ಕಾಠಿಯಾವಾಡ ಕಾಠಿಯಾವಾರ್ ಆಯ್ತು. ಉಡೋ ಸಾಡಿ ಇಂಗ್ಲಿಷಿಗೆ ಹೋಗಿ ಸಾರಿ ಆಯ್ತು. ಧಾರವಾಡದವರಿಗೆ ಅವರ ಡ ವಾಪಸ್ ಸಿಕ್ತು, ನಮಗೆ ಸಿಗ್ಲಿಲ್ಲ ಅಷ್ಟೇ.

ಮತ್ತೆ ನೋಡಿ, ಹಳ್ಳಿ ಹೆಸರು ಕಡವಾಡ ಅಂತಾನೇ ಉಳೀತು, ಯಾಕಂದ್ರೆ ಅದನ್ನ ಕರೀತಿದ್ದದ್ದು ಊರವರು. ಬಂದರಿನ ಹೆಸರು ಬದಲಾಯ್ತು, ಯಾಕಂದ್ರೆ ಅದನ್ನ ಕಾಗದದಲ್ಲಿ ಬರೀತಿದ್ದದ್ದು ವ್ಯಾಪಾರಿಗಳು. ಆಮೇಲೆ ಆ ಕಾಗದದ ಹೆಸರನ್ನೇ ನಾವೂ ಹೇಳೋಕೆ ಶುರು ಮಾಡಿದ್ವಿ, ಈಗ ಕೊಂಕಣಿಯಲ್ಲೂ ಕಾರ್ವಾರ್, ಕನ್ನಡದಲ್ಲೂ ಕಾರವಾರ.

ಪ್ರಶ್ನೆ: ಹಂಗಾದ್ರೆ ಇದು ಪಕ್ಕಾ ಅಂತಾಯ್ತಾ?

ಪಕ್ಕಾ ಅಂತ ಹೇಳೋಕೆ ಒಂದು ಅಡ್ಡಿ ಇದೆ. ಕಡವಾಡದಲ್ಲಿ ಮೊದಲನೇ ಅಕ್ಷರ ಹ್ರಸ್ವ ಕ, ಕಾರವಾರದಲ್ಲಿ ದೀರ್ಘ ಕಾ. ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಕ, ಕಾ ಎರಡೂ ಒಂದೇ ಥರ ಕಾಣ್ಸುತ್ತೆ, ಹಂಗಾಗಿ ಅಲ್ಲಿಂದ ವಾಪಸ್ ಓದುವಾಗ ಉದ್ದ ಆಯ್ತು ಅಂತ ವಾದ ಮಾಡಬಹುದು, ನನಗೂ ಅದೇ ಸರಿ ಅನ್ಸುತ್ತೆ, ಆದ್ರೂ ಯಾರಾದ್ರೂ ಹಠ ಹಿಡಿದು ಕೇಳಿದ್ರೆ ಸುಲಭಕ್ಕೆ ಒಪ್ಸೋಕಾಗಲ್ಲ.

ಇನ್ನೊಂದು ನನ್ನದೇ ಊಹೆ, ಊಹೆ ಅಂತಾನೇ ತಗೊಳ್ಳಿ. ಕಡೆ ಅಂದ್ರೆ ಕೊನೆ ಅನ್ನೋ ಬದ್ಲು ಕಡವು ಅನ್ನೋ ಪದ ಯಾಕಾಗಿರಬಾರ್ದು? ಕಡವು ಅಂದ್ರೆ ಹೊಳೆ ದಾಟೋ ಜಾಗ, ದೋಣಿ ಹಚ್ಚೋ ಜಾಗ, ಮಲಯಾಳದಲ್ಲೂ ಇದೇ ಪದ ಇದೆ. ಕಡವಾಡ ಇರೋದು ಕಾಳಿ ದಂಡೆ ಮೇಲೆ, ಸೇತುವೆ ಬರೋ ಮುಂಚೆ ಹೊಳೆ ದಾಟ್ಬೇಕಂದ್ರೆ ದೋಣಿನೇ ಗತಿ. ಕೊನೇ ಊರು ಅನ್ನೋದಾದ್ರೆ ಎಲ್ಲಿಂದ ಕೊನೆ, ಯಾರಿಗೆ ಕೊನೆ ಅನ್ನೋದೂ ತಿಳಿಯಲ್ಲ. ದೋಣಿ ಹಚ್ಚೋ ಊರು ಅಂದ್ರೆ ಜಾಗ ನೋಡಿದವರಿಗೆ ತಕ್ಷಣ ಹೊಂದುತ್ತೆ.

ಪ್ರಶ್ನೆ: ವಾಡ ಅನ್ನೋದು ಕೊಂಕಣಿಯಾ, ಮರಾಠಿಯಾ, ಕನ್ನಡವಾ?

ಜಗಳ ಶುರು ಆಗೋದೇ ಇಲ್ಲಿ. ಸಂಸ್ಕೃತದ ವಾಟ, ಅಂದ್ರೆ ಬೇಲಿ ಹಾಕಿದ ಜಾಗ, ಪ್ರಾಕೃತದಲ್ಲಿ ವಾಡ ಆಯ್ತು, ಅಲ್ಲಿಂದ ಎಲ್ಲರೂ ತಗೊಂಡ್ರು. ಕೊಂಕಣಿಯಲ್ಲಿ ವಾಡೊ, ಮರಾಠಿಯಲ್ಲಿ ವಾಡಾ, ಹಳಗನ್ನಡದಲ್ಲಿ ಬಾಡ. ಕಾರವಾರದಲ್ಲೇ ನೋಡಿ, ಒಂದ್ಕಡೆ ಹಬ್ಬುವಾಡ, ಶಿರವಾಡ, ಇನ್ನೊಂದ್ಕಡೆ ಬರೀ ಬಾಡ ಅಂತಾನೇ ಒಂದು ಏರಿಯಾ. ರೈಲಲ್ಲಿ ಬಂದು ಇಳಿಯೋದು ಶಿರವಾಡದಲ್ಲಿ, ಬೋರ್ಡಲ್ಲಿ ಮಾತ್ರ ಕಾರವಾರ. ವಾಡ ಇದೆ ಅಂತ ಹೇಳಿ ಊರು ಮರಾಠಿಯವರದ್ದು ಅನ್ನೋರಿಗೆ ಧಾರವಾಡವನ್ನ ನೆನಪು ಮಾಡಿದ್ರೆ ಸಾಕು.

ಪ್ರಶ್ನೆ: ಬೈತಖೋಲ ಅನ್ನೋದೇ ಹಳೇ ಹೆಸರು, ಅದು ಅರಬ್ಬಿ ಅಂತಾರಲ್ಲ?

ಬೈತಖೋಲ ಅಂದ್ರೆ ಕಾರವಾರದ ಬಂದರು ಇರೋ ಜಾಗ. ಹೌದು, ಬೈತ್-ಎ-ಕೋಲ್ ಅಂತ ಏನೋ ಒಂದು ಹೇಳಿ ಸುರಕ್ಷಿತ ಕೊಲ್ಲಿ ಅನ್ನೋ ಅರ್ಥ ಕೊಡ್ತಾರೆ. ಕೇಳೋಕೆ ಚಂದ, ಬಂದರು ಕೂಡ ನಿಜಕ್ಕೂ ಸುರಕ್ಷಿತವೇ, ಗುಡ್ಡ ಅಡ್ಡ ಇರೋದ್ರಿಂದ ನೈಋತ್ಯದ ಗಾಳಿ ನೇರ ಹೊಡೆಯಲ್ಲ, ಅರಬ್ಬರ ಹಡಗುಗಳು ಈ ಕರಾವಳಿಗೆ ಶತಮಾನಗಟ್ಲೆ ಬರ್ತಿದ್ದದ್ದೂ ನಿಜ. ಆದ್ರೆ ಅರಬ್ಬಿಯಲ್ಲಿ ಬೈತ್ ಅಂದ್ರೆ ಮನೆ. ಕೊಲ್ಲಿಗೆ ಬೇರೆ ಪದಗಳಿವೆ. ಮಧ್ಯದ ಎ ಅನ್ನೋ ಜೋಡಣೆ ಅರಬ್ಬಿದೇ ಅಲ್ಲ, ಅದು ಪಾರ್ಸಿ ರೀತಿ. ಇನ್ನು ಖೋಲ ಅನ್ನೋದು ಕೊಂಕಣಿ, ಮರಾಠಿ ಎರಡರಲ್ಲೂ ಆಳ ಅನ್ನೋ ಅರ್ಥದ ದಿನಬಳಕೆ ಪದ, ಬೈತಖೋಲ ದಕ್ಕೆಯಲ್ಲಿ ಬಲೆ ಸರಿ ಮಾಡ್ತಾ ಕೂತ ಯಾರನ್ನ ಕೇಳಿದ್ರೂ ಹೇಳ್ತಾರೆ. ಹಡಗು ನಿಲ್ಲೋ ಜಾಗದ ಹೆಸರಲ್ಲಿ ಆಳ ಅನ್ನೋ ಪದ ಇದ್ರೆ ಅದಕ್ಕೆ ಅರೇಬಿಯಾ ತನಕ ಹೋಗೋ ಅಗತ್ಯ ನಂಗಂತೂ ಕಾಣಲ್ಲ.

ಪ್ರಶ್ನೆ: ಇಂಗ್ಲಿಷರು ಯಾವಾಗಿಂದ ಈ ಹೆಸರು ಬರೀತಿದಾರೆ?

17ನೇ ಶತಮಾನದಿಂದ. 1638ರಲ್ಲಿ ಕೋರ್ಟೀನ್ ಅನ್ನೋರ ಕಂಪನಿ ಇಲ್ಲಿ ಕೋಠಿ, ಅಂದ್ರೆ ವ್ಯಾಪಾರದ ಮಳಿಗೆ, ಹಾಕಿತ್ತು, ಆಮೇಲೆ ಅದು ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಯ್ತು. ಕಾಳುಮೆಣಸು ಮತ್ತು ಘಟ್ಟದ ಮೇಲಿಂದ ಬರೋ ಬಟ್ಟೆ, ಇವೇ ಮುಖ್ಯ ಸರಕು. 1665ರಲ್ಲಿ ಶಿವಾಜಿ ಇಲ್ಲಿಗೆ ಬಂದಾಗ ಈ ಕೋಠಿಯವರೂ ಕಾಣಿಕೆ ಕೊಟ್ಟು ಪಾರಾಗ್ಬೇಕಾಯ್ತು. ಆಗಿನ ಅವರ ಕಾಗದಗಳಲ್ಲಿ ಕೆ ಬದ್ಲು ಸಿ ಹಾಕಿ ಕಾರ್ವಾರ್ ಅಂತ ಬರೀತಿದ್ರು, ಕೆ ಬಂದಿದ್ದು ಆಮೇಲೆ.

ಪ್ರಶ್ನೆ: ಪೋರ್ತುಗೀಸರು ಏನಂತ ಕರೀತಿದ್ರು?

ಅವರ ಬರಹಗಳಲ್ಲಿ ಕಾಳಿ ಮುಖದ ಹತ್ರ ಸಿಗೋ ಹೆಸರು ಸಿಂತಾಕೋರಾ. ಅದು ನಮ್ಮ ಚಿತ್ತಾಕುಲ, ಹೊಳೆಯ ಆಚೆ ದಂಡೆಯಲ್ಲಿ ಸದಾಶಿವಗಡದ ಬುಡದಲ್ಲಿರೋ ಊರು, ಪಂಚಾಯ್ತಿ ಬೋರ್ಡಲ್ಲಿ ಈಗ್ಲೂ ಅದೇ ಹೆಸರು. ಗುಡ್ಡದ ಮೇಲಿನ ಕೋಟೆಗೆ ಸದಾಶಿವಗಡ ಅಂತ ಹೆಸರು ಬಂದಿದ್ದು ಶಿರಸಿ ಹತ್ರದ ಸೋದೆಯ ಅರಸರ ಕಾಲದಲ್ಲಿ, ಸದಾಶಿವ ಅನ್ನೋ ಅರಸನ ನೆನಪಿಗೆ ಅವನ ಮಗ ಇಟ್ಟಿದ್ದು. ಪೋರ್ತುಗೀಸರು ಅದೇ ಕೋಟೆನ ಪಿರೊ ಅಂತಿದ್ರು. ಅಲ್ಲಿ ದರ್ಗಾ ಇದೆಯಲ್ಲ, ಪೀರ್ ಇರೋ ಜಾಗ ಅಂತ ಪಿರೊ. ಒಂದೇ ಗುಡ್ಡಕ್ಕೆ ಕನ್ನಡದ ಲಿಂಗಾಯತ ಅರಸನ ಹೆಸರೂ ಇದೆ, ಪಾರ್ಸಿ ಪದದಿಂದಾದ ಪೋರ್ತುಗೀಸ್ ಹೆಸರೂ ಇದೆ.

ಪ್ರಶ್ನೆ: ಅಂಜದೀವ ಅಂದ್ರೆ ಐದು ದ್ವೀಪನಾ?

ಅಂಜದೀವ ಕಾರವಾರದ ಹತ್ರ ಸಮುದ್ರದಲ್ಲಿರೋ ದ್ವೀಪ, ಅದರ ಹೆಸರಿನ ಬಗ್ಗೆ ಹಂಗೊಂದು ವಾದ ಇದೆ. ಮಲಯಾಳದಲ್ಲಿ ಅಂಜು ಅಂದ್ರೆ ಐದು, ದೀವ ಅಂದ್ರೆ ದ್ವೀಪ, ಮಾಲ್ದೀವ್, ಲಕ್ಷದ್ವೀಪದಲ್ಲಿ ಇರೋದೂ ಇದೇ ಪದ. ಕಾರವಾರದ ಮುಂದೆ ಕೂರ್ಮಗಡ, ದೇವಗಡ ಅಂತ ಸುಮಾರು ದ್ವೀಪ ಇರೋದ್ರಿಂದ ಗುಂಪಿಗೇ ಸೇರಿ ಆ ಹೆಸರು ಬಂತು ಅಂತ. ದಕ್ಷಿಣದಿಂದ ಬರ್ತಿದ್ದ ನಾವಿಕರು ಇಟ್ಟ ಹೆಸರು ಅಂದ್ರೆ ಒಪ್ಪಬಹುದು. ಇನ್ನೊಂದು, ಆರ್ಯಾದುರ್ಗಾ ದೇವಿ ಇದ್ದ ದ್ವೀಪ ಅಂತ. ಆ ದೇವಿನ ದ್ವೀಪದಿಂದ ತಂದು ಅಂಕೋಲೆಯಲ್ಲಿ ಪ್ರತಿಷ್ಠೆ ಮಾಡಿದ್ರು ಅಂತ ನಂಬಿಕೆ, ಗುಡಿ ಈಗ್ಲೂ ಇದೆ. ಎರಡರಲ್ಲಿ ಯಾವುದು ಸರಿ ಅಂತ ಪಟ್ಟು ಹಿಡಿಯೋಕೆ ನಾನು ಹೋಗಲ್ಲ, ದೀವ ಅನ್ನೋ ಅರ್ಧ ಮಾತ್ರ ಗಟ್ಟಿ.

ವಾಸ್ಕೊ ಡ ಗಾಮ 1498ರಲ್ಲಿ ವಾಪಸ್ ಹೋಗೋ ಮುಂಚೆ ಹಡಗು ನಿಲ್ಸಿದ್ದು ಇಲ್ಲೇ, ಅವರ ಬಾಯಲ್ಲಿ ಆಂಜೆದೀವಾ. 1660ರ ದಶಕದಲ್ಲಿ ಬಾಂಬೆ ತಗೊಳ್ಳೋಕೆ ಬಂದ ಇಂಗ್ಲಿಷ್ ಸೈನಿಕರು ಬಾಂಬೆ ಕೈಗೆ ಸಿಗದೆ ಈ ದ್ವೀಪದಲ್ಲಿ ಕಾದು ಕೂತು ಬಹಳಷ್ಟು ಜನ ರೋಗ ಬಂದು ಸತ್ರು, ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ. ಕಾರವಾರಕ್ಕೆ ಇಷ್ಟು ಹತ್ರ ಇದ್ರೂ ದ್ವೀಪ 1961ರ ತನಕ ಪೋರ್ತುಗೀಸರದ್ದೇ ಆಗಿತ್ತು. ಹಂಗಾಗಿ ಲೆಕ್ಕದಲ್ಲಿ ಗೋವಾದ್ದು, ಈಗ ನೌಕಾಪಡೆ ಕೈಯಲ್ಲಿದೆ.

ಪ್ರಶ್ನೆ: ಜಿಲ್ಲೆಗೆ ಉತ್ತರ ಕನ್ನಡ ಅಂತ ಯಾಕೆ? ಬೀದರ್ ಅಲ್ವಾ ಉತ್ತರದಲ್ಲಿರೋದು?

ಬೆಂಗಳೂರಿನ ಫ್ರೆಂಡ್ಸ್ ತಪ್ಪದೆ ಕೇಳೋ ಪ್ರಶ್ನೆ. ಇಲ್ಲಿ ಕನ್ನಡ ಅನ್ನೋದು ಭಾಷೆ ಅಲ್ಲ, ಕೆನರಾ ಅನ್ನೋ ಪ್ರಾಂತ್ಯ. ಪೋರ್ತುಗೀಸರು ಈ ಕರಾವಳಿನ ಕನಾರಾ ಅಂದ್ರು, ಕನ್ನಡ ಅನ್ನೋ ಪದದ ಡ ಅವರ ಬಾಯಲ್ಲಿ ರ ಆಯ್ತು, ಅದೇ ಕಡವಾಡದ ಕಥೆ ಮತ್ತೊಮ್ಮೆ. ಬ್ರಿಟಿಷರು ಅದನ್ನೇ ಇಟ್ಕೊಂಡು ಒಂದೇ ಜಿಲ್ಲೆ ಮಾಡಿದ್ರು, ಆಮೇಲೆ ಉತ್ತರ ಮತ್ತು ದಕ್ಷಿಣ ಅಂತ ಒಡೆದ್ರು. ದಕ್ಷಿಣದ್ದು ಮದ್ರಾಸಿನಲ್ಲೇ ಉಳೀತು, ನಮ್ಮದು 1862ರಲ್ಲಿ ಬಾಂಬೆಗೆ ಹೋಯ್ತು, 1956ರಲ್ಲಿ ಎರಡೂ ಮೈಸೂರು ರಾಜ್ಯಕ್ಕೆ ಬಂದ್ವು. 1906ರಲ್ಲಿ ಮಂಗಳೂರಲ್ಲಿ ಶುರುವಾದ ಕೆನರಾ ಬ್ಯಾಂಕಿನ ಹೆಸರಲ್ಲಿ ಇರೋದೂ ಇದೇ ಕೆನರಾ. ಹಳಬರು ಮಾತ್ರ ಈಗ್ಲೂ ಕಾರವಾರ ಜಿಲ್ಲೆ ಅಂತಾನೇ ಅನ್ನೋದು.

ಪ್ರಶ್ನೆ: ಹೊನ್ನಾವರದಲ್ಲಿ ನಿಜಕ್ಕೂ ಹೊನ್ನು ಇತ್ತಾ?

ವ್ಯಾಪಾರದ ದುಡ್ಡಂತೂ ಇತ್ತು. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತಾ ಇದನ್ನ ಹಿನೌರ್ ಅಂತ ಬರೀತಾನೆ, ಹುಡುಗರಿಗೆ 23 ಶಾಲೆ, ಹುಡುಗಿಯರಿಗೆ 13 ಶಾಲೆ ಇತ್ತು, ಇಂಥದ್ದು ಬೇರೆಲ್ಲೂ ನೋಡ್ಲಿಲ್ಲ ಅಂತಾನೆ. ಪೋರ್ತುಗೀಸರಿಗೆ ಹ ಉಚ್ಚಾರ ಇಲ್ಲ, ಬರೆದ್ರೂ ಹೇಳಲ್ಲ, ಅದಕ್ಕೆ ಅವರ ಲೆಕ್ಕದಲ್ಲಿ ಇದು ಓನೋರ್. ಇಂಗ್ಲಿಷರು ಹ ವಾಪಸ್ ಸೇರಿಸಿ ಹೊನೋರ್ ಮಾಡಿದ್ರು.

ಅಲ್ಲಿಂದ ಶರಾವತಿ ಗುಂಟ ಮೇಲಕ್ಕೆ ಹೋದ್ರೆ ಗೇರುಸೊಪ್ಪೆ. ಗೇರು ಅಂದ ತಕ್ಷಣ ಗೋಡಂಬಿ ನೆನಪಾಗುತ್ತೆ, ಆದ್ರೆ ಗೋಡಂಬಿ ಗಿಡ ತಂದದ್ದು ಪೋರ್ತುಗೀಸರು, ಊರಿನ ಹೆಸರು ಅದಕ್ಕಿಂತ ಹಳೇದು. ಇಲ್ಲಿನ ಗೇರು ನಮ್ಮ ಕಾಡಿನ ಕರಿಗೇರು, ಮೈಗೆ ತಾಗಿದ್ರೆ ಸುಟ್ಟು ಬೊಬ್ಬೆ ಬರುತ್ತಲ್ಲ ಅದು. ಸಾಕ್ಷಿ ಬೇಕಾದ್ರೆ, ಇದೇ ಊರಿಗೆ ಭಲ್ಲಾತಕೀಪುರ ಅನ್ನೋ ಸಂಸ್ಕೃತ ಹೆಸರೂ ಇತ್ತು, ಭಲ್ಲಾತಕ ಅಂದ್ರೆ ಅದೇ ಕರಿಗೇರು. ಮೊದ್ಲು ಜನ ಇಟ್ಟ ಗಿಡದ ಹೆಸರು, ಆಮೇಲೆ ಅದನ್ನ ಪಂಡಿತರು ಸಂಸ್ಕೃತ ಮಾಡಿದ್ದು, ಕ್ರಮ ಯಾವತ್ತೂ ಹೆಚ್ಚುಕಮ್ಮಿ ಹೀಗೇ ಇರುತ್ತೆ.

ಪ್ರಶ್ನೆ: ಅಂಕೋಲೆಯೋ ಅಂಕೋಲಾವೋ?

ಊರವರ ಬಾಯಲ್ಲಿ ಅಂಕೋಲೆ, ಬೋರ್ಡಲ್ಲಿ ಅಂಕೋಲಾ. ಅಂಕೋಲೆ ಅನ್ನೋ ಗಿಡದಿಂದ ಬಂದಿದ್ದು.

ಪ್ರಶ್ನೆ: ಭಟ್ಕಳಕ್ಕೆ ಆ ಹೆಸರು ಭಟ್ಟಾಕಳಂಕನಿಂದ ಬಂತು ಅಂತ ಪುಸ್ತಕದಲ್ಲೇ ಇದೆಯಲ್ಲ?

ಇದೆ, ಎಲ್ಲಾ ಕಡೆ ಕಾಪಿ ಪೇಸ್ಟ್ ಆಗಿದೆ. ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದ ಭಟ್ಟಾಕಳಂಕ ದೊಡ್ಡ ವಿದ್ವಾಂಸ, ಈ ಕಡೆಯವನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವನ ಗ್ರಂಥ 1604ರದ್ದು. ಪೋರ್ತುಗೀಸರು ಅದಕ್ಕೆ ನೂರು ವರ್ಷ ಮುಂಚೆನೇ ಬಾತೆಕಾಲಾ ಅಂತ ಬರೀತಿದ್ರು, ಅದಕ್ಕೂ ಮುಂಚೆ 14ನೇ ಶತಮಾನದಲ್ಲಿ ಬಂದ ಫ್ರೆಂಚ್ ಪಾದ್ರಿ ಜೋರ್ಡಾನಸ್ ಬಾತಿಗಾಲಾ ಅಂತಾನೆ. ಹುಟ್ಟದೇ ಇರೋ ಮನುಷ್ಯನ ಹೆಸರು ಊರಿಗೆ ಇಡೋಕಾಗುತ್ತಾ ಮಾರಾಯ್ರೆ? ಅಕಲಂಕ ಅನ್ನೋ ಹೆಸರಿನ ಹಳೇ ಜೈನ ಆಚಾರ್ಯರೂ ಇದ್ರು, ಅವರ ಕಡೆ ಬೊಟ್ಟು ಮಾಡೋರೂ ಇದಾರೆ, ಅದು ಬೇರೆ ವಾದ. ಅಂತೂ 1604ರ ಭಟ್ಟಾಕಳಂಕನನ್ನ ಈ ಲೆಕ್ಕದಿಂದ ಬಿಟ್ಬಿಡಿ.

ಪ್ರಶ್ನೆ: ಶಿರಸಿ, ಸಿರ್ಸಿ, ಶಿರ್ಸಿ, ಯಾವುದು ಸರಿ?

ಬರೆಯೋದು ಶಿರಸಿ, ಹೇಳೋದು ಶಿರ್ಸಿ, ಇಂಗ್ಲಿಷ್ ಬೋರ್ಡಲ್ಲಿ ಸಿರ್ಸಿ. ಶಿರೀಷ ಅಂದ್ರೆ ಬಾಗೆ ಮರ, ಅದರಿಂದ ಬಂತು ಅನ್ನೋದು ಹೆಚ್ಚು ಚಾಲ್ತಿಯಲ್ಲಿರೋ ವಿವರಣೆ. ಹರಿಯಾಣದ ಸಿರ್ಸಾಕ್ಕೂ ಇದೇ ಮರದ ಕಥೆ ಹೇಳ್ತಾರೆ. ಉತ್ತರ ಪ್ರದೇಶದಲ್ಲೂ ಸಿರ್ಸಿ ಇದೆ, ಆನ್‌ಲೈನಲ್ಲಿ ಕೊರಿಯರ್ ಅಡ್ರೆಸ್ ಹಾಕುವಾಗ ಪಿನ್ ಕೋಡ್ ಸರಿ ನೋಡ್ಕೊಳ್ಳಿ, ಇಲ್ಲಾಂದ್ರೆ ಮಾರಿಕಾಂಬಾ ಜಾತ್ರೆಗೆ ಅಂತ ತರಿಸಿದ ಸೀರೆ ಗಂಗಾ ಬಯಲು ಸುತ್ತಿ ಬರುತ್ತೆ.

ಶಿರಸಿ ಪಕ್ಕದ ಸೋದೆ ಇದಕ್ಕಿಂತ ಮಜಾ ಇದೆ. ವಾದಿರಾಜ ಮಠಕ್ಕೆ ಹೋಗೋರು ಸೋದೆ ಅಂತಾರೆ, ಜೈನ ಮಠದ ವಿಷಯ ಬಂದ್ರೆ ಸ್ವಾದಿ, ಸ್ವರ್ಣವಲ್ಲಿ ಮಠದ ಹೆಸರು ಹೇಳುವಾಗ ಸೋಂದಾ, ಸಂಸ್ಕೃತದಲ್ಲಿ ಸುಧಾಪುರ, ಪೋರ್ತುಗೀಸರಿಗೆ ಸುಂದಾ, ಇಂಗ್ಲಿಷರಿಗೆ ಸೂಂಡಾ. ಇಷ್ಟು ಹೆಸರಿಗೂ ಜಾಗ ಒಂದೇ. ಹಳೇ ಕಾಗದ ಓದುವಾಗ ಇವೆಲ್ಲ ಬೇರೆ ಬೇರೆ ರಾಜ್ಯ ಅನ್ಕೊಂಡ್ರೆ ಕಥೆ ಮುಗೀತು.

ಪ್ರಶ್ನೆ: ಕಾಜುಬಾಗ ಯಾವ ಭಾಷೆ?

ಕಾರವಾರ ಪೇಟೆಯೊಳಗೇ ಇರೋ ಈ ಏರಿಯಾ ಹೆಸರು ನಂಗೆ ಎಲ್ಲದಕ್ಕಿಂತ ಇಷ್ಟ. ಕಾಜು ಅನ್ನೋದು ಬ್ರೆಜಿಲ್‌ನ ತುಪಿ ಜನರ ಪದ, ಗೋಡಂಬಿ ಅಲ್ಲಿಯದ್ದೇ, ಪೋರ್ತುಗೀಸರು ಗಿಡದ ಜೊತೆ ಹೆಸರನ್ನೂ ಹಡಗು ಹತ್ತಿಸಿ ತಂದ್ರು. ಬಾಗ ಅಂದ್ರೆ ತೋಟ, ಪಾರ್ಸಿಯ ಬಾಗ್, ಕೊಂಕಣಿ ಮರಾಠಿ ಮೂಲಕ ಬಂದದ್ದು. ದಕ್ಷಿಣ ಅಮೆರಿಕಾದ ಪದ, ಇರಾನಿನ ಪದ, ಎರಡೂ ಸೇರ್ಕೊಂಡು ಆಟೋದವನ ಬಾಯಲ್ಲಿ ಒಂದು ಸ್ಟಾಪು.

ಪ್ರಶ್ನೆ: 2014ರಲ್ಲಿ ಊರುಗಳ ಸ್ಪೆಲ್ಲಿಂಗ್ ಬದಲಾಯ್ತಲ್ಲ, ಕಾರವಾರ ಯಾಕೆ ಬಿಟ್ಟೋಯ್ತು?

2014ರ ನವೆಂಬರ್ 1ಕ್ಕೆ ಬದಲಾಗಿದ್ದು 12 ಊರು, ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿ ಥರದ್ದು. ನಮ್ಮ ಜಿಲ್ಲೆಯದ್ದು ಒಂದೂ ಇಲ್ಲ. ಕಾರವಾರಕ್ಕೆ ಬದಲಾಯಿಸೋಕೂ ಹೆಚ್ಚೇನಿಲ್ಲ, ಕನ್ನಡದಲ್ಲಿ ಮಧ್ಯದ ರ ಪೂರ್ತಿ, ಇಂಗ್ಲಿಷಲ್ಲಿ ಅರ್ಧ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ಹಾಗಾದ್ರೆ ಕೊನೆಗೆ ಕಾರವಾರ ಕನ್ನಡದ ಹೆಸರಾ, ಕೊಂಕಣಿ ಹೆಸರಾ?

ಈ ಪ್ರಶ್ನೆ ಹಿಂದೆ ಯಾವಾಗ್ಲೂ ಇನ್ನೊಂದು ಪ್ರಶ್ನೆ ಇರುತ್ತೆ, ಊರು ಯಾರದ್ದು ಅಂತ. ಮಹಾರಾಷ್ಟ್ರ ಕಾರವಾರ ತನಗೆ ಸೇರ್ಬೇಕು ಅಂತ ಕೇಳಿದ್ದು, ಬೋರ್ಡಲ್ಲಿ ನಾಗರಿ ಲಿಪಿ ಬೇಕಾ ಬೇಡ್ವಾ ಅಂತ ಗಲಾಟೆ ಆಗಿದ್ದು, ಎಲ್ಲಾ ಕಡೆ ಊರ ಹೆಸರಿನ ಮೂಲ ಎಳ್ಕೊಂಡು ಬರ್ತಾರೆ. ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲರ್ಧ ಕನ್ನಡ, ಎರಡನೇ ಅರ್ಧ ಎಲ್ಲರದ್ದೂ, ಈಗಿನ ರೂಪ ಕೊಟ್ಟಿದ್ದು ಕನ್ನಡವೂ ಕೊಂಕಣಿಯೂ ಬಾರದ ವ್ಯಾಪಾರಿಗಳು. ಕೊಂಕಣಿಯನ್ನೇ ತಗೊಳ್ಳಿ, ನಾಗರಿ, ರೋಮನ್, ಕನ್ನಡ, ಮಲಯಾಳ, ಅರಬ್ಬಿ ಹೀಗೆ ಐದು ಲಿಪಿಯಲ್ಲಿ ಬರೆಯೋ ಭಾಷೆ. ಬಸ್ ಸ್ಟ್ಯಾಂಡಲ್ಲಿ ಮಡಗಾಂವ್ ಕಡೆಯಿಂದ ಬಂದ ಗೋವಾ ಸರ್ಕಾರದ ಕದಂಬ ಬಸ್ಸೂ ನಿಂತಿರುತ್ತೆ, ಪಕ್ಕದಲ್ಲಿ ನಮ್ಮ ಕೆಂಪು ಬಸ್ಸೂ ನಿಂತಿರುತ್ತೆ, ಅರಗದಲ್ಲಿರೋ ನೌಕಾನೆಲೆ ಹೆಸರೂ ಕದಂಬ, ಆ ಕದಂಬರ ರಾಜಧಾನಿ ಶಿರಸಿ ತಾಲೂಕಿನ ಬನವಾಸಿ. ಇದರಲ್ಲಿ ಗೆರೆ ಎಲ್ಲಿ ಎಳೀತೀರಿ?

ಪ್ರಶ್ನೆ: ನಮ್ಮ ಹಳ್ಳಿ ಹೆಸರಿನ ಮೂಲ ಹುಡುಕೋದು ಹೇಗೆ?

ಮೊದ್ಲು ಬೋರ್ಡ್ ನೋಡ್ಬೇಡಿ, ಊರಿನ ವಯಸ್ಸಾದವರು ಹೇಗೆ ಉಚ್ಚರಿಸ್ತಾರೆ ಕೇಳಿ, ಮನೆಮಾತು ಬೇರೆ ಬೇರೆ ಇರೋ ಇಬ್ರು ಮೂವರನ್ನ ಕೇಳಿ. ಹಾಲಕ್ಕಿಯವರ ಬಾಯಲ್ಲಿ ಒಂದು ಥರ, ಹವ್ಯಕರ ಬಾಯಲ್ಲಿ ಒಂದು ಥರ, ಕೊಂಕಣಿಯವರದ್ದು ಮತ್ತೊಂದು ಇರುತ್ತೆ. ಆಮೇಲೆ ಪಹಣಿ, ಹಳೇ ಸರ್ವೆ ಕಾಗದ ತೆಗೀರಿ, ಅದರಲ್ಲಿ ಗದ್ದೆ, ಕೊಡ್ಲು, ಗುಡ್ಡದ ಹೆಸರುಗಳೂ ಸಿಗ್ತಾವೆ, ಊರ ಹೆಸರಿಗಿಂತ ಅವು ಕಮ್ಮಿ ಬದಲಾಗಿರ್ತಾವೆ. ಜಾಗ ಹೋಗಿ ನೋಡಿ, ಹೊಳೆ ಇದೆಯಾ, ಕೆರೆ ಇದೆಯಾ, ಯಾವ ಮರ ಜಾಸ್ತಿ. ಹತ್ರದಲ್ಲಿ ಶಾಸನ ಇದ್ರೆ ಅದರಲ್ಲಿ ಯಾವ ರೂಪ ಇದೆ ಅಂತ ಗೊತ್ತಿರೋರ ಹತ್ರ ಓದಿಸಿ, ಇಸವಿ ಬರ್ಕೊಳ್ಳಿ. ದೇವಸ್ಥಾನದ ಸ್ಥಳಪುರಾಣದಲ್ಲಿ ರಾಮ ಬಾಣ ಬಿಟ್ಟ, ಭೀಮ ಕಲ್ಲು ಒಗೆದ ಅಂತ ಬಂದ್ರೆ ಅದನ್ನೂ ಬರ್ಕೊಳ್ಳಿ, ಆದ್ರೆ ಬೇರೆ ಪುಟದಲ್ಲಿ. ಸೂಪಾ ಕಡೆಯವರಾದ್ರೆ ಸ್ವಲ್ಪ ಬೇಗ ಮಾಡಿ, ಅಣೆಕಟ್ಟಲ್ಲಿ ಹಳೇ ಸೂಪಾ ಮುಳುಗಿ ತಾಲೂಕಿನ ಹೆಸರೇ ಜೋಯಿಡಾ ಆಯ್ತು, ಮುಳುಗಿದ ಹಳ್ಳಿಗಳ ಗದ್ದೆ ಹೆಸರು ಬಾಯಲ್ಲಿ ಹೇಳಬಲ್ಲವರು ಈಗ ವಯಸ್ಸಾದವರು ಮಾತ್ರ.